ಮೇಲೆ ಮಾಯುವುದು, ಒಳಗೆ ಮಾಯುವುದು: ಭಗಂದರದ ಚರಿತ್ರೆಯ ಕೆಲವು ಪುಟಗಳು

ಮುಂಬಯಿಯ ಲೋಕಲ್ ರೈಲಿನ ಹಳಿಗಳ ಪಕ್ಕದ ಗೋಡೆಗಳ ಮೇಲೆ, ದೆಹಲಿಯ ಮೇಲ್ಸೇತುವೆಗಳ ಕಂಬಗಳ ಮೇಲೆ 'ಬವಾಸೀರ್, ಭಗಂದರ್' ಎಂಬ ಬರಹವನ್ನು ಕಾಣದ ಹೊರನಾಡ ಕನ್ನಡಿಗರು ಕಡಿಮೆ. ಆ ಬರಹದ ಜೊತೆಗೆ ಸಾಮಾನ್ಯವಾಗಿ ಒಂದು ಖಾತರಿಯೂ ಇರುತ್ತದೆ: ಕೊಯ್ಯದೆ, ನೋವಿಲ್ಲದೆ, ಶಾಶ್ವತವಾಗಿ ಗುಣ. ಊರೆಲ್ಲ ಓದುವಂತೆ ಬರೆದಿದ್ದರೂ ಮನೆಯೊಳಗೆ ಯಾರೂ ಬಾಯಿಬಿಟ್ಟು ಹೇಳದ ರೋಗವಿದು. ಕರುಳಿನ ಅಥವಾ ಗುದನಾಳದ ಒಳಗೋಡೆಯಿಂದ ಹೊರಟು ಮಾಂಸವನ್ನು ಕೊರೆದುಕೊಂಡು ಚರ್ಮಕ್ಕೆ ಬಾಯಿ ತೆರೆಯುವ ಸುರಂಗಕ್ಕೆ ವೈದ್ಯರು ಫಿಸ್ಟುಲಾ ಎನ್ನುತ್ತಾರೆ. ನಮ್ಮ ಹಳೆಯ ಹೆಸರು ಭಗಂದರ. ಅದಕ್ಕೆ ಎರಡು ಬಾಯಿ. ಕಣ್ಣಿಗೆ ಕಾಣುವುದು ಹೊರಗಿನದು ಮಾತ್ರ.

ಇದರ ಚರಿತ್ರೆಯನ್ನು ಶಸ್ತ್ರಗಳ ಚರಿತ್ರೆಯೆಂದು ಬರೆಯುವುದು ವಾಡಿಕೆ. ಆದರೆ 'ಗುಣವಾಯಿತು' ಎಂಬ ಮಾತಿಗೆ ಒಂದೊಂದು ಕಾಲವೂ ಯಾವ ಅರ್ಥ ಕೊಟ್ಟಿತು, ಗುಣವಾದದ್ದನ್ನು ಎಷ್ಟು ದಿನ ಕಾದು ನೋಡಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಸುಶ್ರುತಸಂಹಿತೆ ಭಗಂದರವನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸುತ್ತದೆ. ಅದರ ಐದು ಬಗೆಗಳನ್ನು ಹೇಳುತ್ತದೆ: ಜರಡಿಯಂತೆ ಹಲವು ತೂತುಗಳುಳ್ಳದ್ದು ಶತಪೋನಕ, ಒಂಟೆಯ ಕೊರಳಿನಂತೆ ಬಾಗಿದ್ದು ಉಷ್ಟ್ರಗ್ರೀವ, ಹೀಗೆ. ಕೊಯ್ಯುವ ಕ್ರಮ, ಸುಡುವ ಕ್ರಮ, ಕ್ಷಾರ ಹಚ್ಚುವ ಕ್ರಮ ಎಲ್ಲವೂ ಅಲ್ಲಿವೆ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅಧ್ಯಾಯದ ಕೊನೆಯಲ್ಲಿ ಬರುವ ಪಥ್ಯದ ಮಾತು. ಗಾಯ ಮಾದ ಮೇಲೂ ರೋಗಿ ಒಂದು ಸಂವತ್ಸರ ಕಾಲ ವ್ಯಾಯಾಮ, ಸಂಭೋಗ, ಕೋಪ, ಸವಾರಿ, ಗುರುವಾದ ಆಹಾರ ಇವುಗಳನ್ನು ಬಿಡಬೇಕು. ಅಂದರೆ ಚರ್ಮ ಕೂಡಿಕೊಂಡ ದಿನವನ್ನು ಆ ವೈದ್ಯ ರೋಗದ ಕೊನೆಯೆಂದು ಬಗೆಯಲಿಲ್ಲ. ಮಾದ ಗಾಯವನ್ನು ವರ್ಷವಿಡೀ ಸಂಶಯದಿಂದ ನೋಡಿದ.

ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಆಫ್ ಆರ್ಡರ್ನ್ ಎಂಬ ಶಸ್ತ್ರವೈದ್ಯನಿದ್ದ. ಭಗಂದರವನ್ನೇ ವಿಷಯವಾಗಿಟ್ಟುಕೊಂಡು ಅವನು 1376ರ ಸುಮಾರಿಗೆ ಗ್ರಂಥ ಬರೆದ. ತಾನು ಗುಣಪಡಿಸಿದ ಸರದಾರರ, ಪಾದ್ರಿಗಳ ಪಟ್ಟಿಯನ್ನೇ ಕೊಡುತ್ತಾನೆ. ಶುಲ್ಕದ ವಿಷಯದಲ್ಲಿ ಸಂಕೋಚವಿಲ್ಲ, ನೂರು ಶಿಲ್ಲಿಂಗಿಗಿಂತ ಕಡಿಮೆ ಪಡೆಯಬಾರದೆನ್ನುತ್ತಾನೆ. ಅವನು ಕೊಡುವ ಇನ್ನೊಂದು ಸಲಹೆ ಇದು: ಎಷ್ಟು ದಿನದಲ್ಲಿ ಗುಣವಾದೀತು ಎಂದು ರೋಗಿ ಕೇಳಿದರೆ, ನಿನಗೆ ತೋರಿದ ಕಾಲದ ಎರಡರಷ್ಟನ್ನು ಹೇಳು. ಇದರಲ್ಲಿ ವ್ಯಾಪಾರದ ಜಾಣತನವುಂಟು, ಆದರೆ ಅನುಭವದ ವಿವೇಕವೂ ಉಂಟು. ಈ ಗಾಯ ವೈದ್ಯನ ಪಂಚಾಂಗವನ್ನು ಪಾಲಿಸುವುದಿಲ್ಲವೆಂದು ಅವನು ಬಲ್ಲ.

ಭಗಂದರದ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಸರಾದ ರೋಗಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ. 1686ರ ಜನವರಿಯಲ್ಲಿ ಕಾಣಿಸಿಕೊಂಡ ಬಾವು ಕೀವುಗಟ್ಟಿ ಭಗಂದರವಾಯಿತು. ತಿಂಗಳುಗಟ್ಟಲೆ ಲೇಪ, ಮುಲಾಮುಗಳ ಪ್ರಯೋಗ ನಡೆದು ಸೋತ ಮೇಲೆ ಶಸ್ತ್ರವೈದ್ಯ ಫೆಲಿಕ್ಸನ ಕೈಗೆ ಕೆಲಸ ಬಂತು. ಅವನು ಮೊದಲು ಪ್ಯಾರಿಸ್ಸಿನ ಬಡರೋಗಿಗಳ ಮೇಲೆ ಕೈ ಪಳಗಿಸಿಕೊಂಡ. ಅದಕ್ಕೆಂದೇ ಬಾಗಿದ ಹೊಸ ಕತ್ತಿಯೊಂದನ್ನು ಮಾಡಿಸಿದ. ನವೆಂಬರ್ 18ರಂದು ವರ್ಸೇಲ್ಸಿನ ಅರಮನೆಯಲ್ಲಿ ಅರಸನಿಗೆ ಶಸ್ತ್ರಚಿಕಿತ್ಸೆಯಾಯಿತು. ಅರಿವಳಿಕೆಯಿಲ್ಲದ ಕಾಲ ಅದು. ಡಿಸೆಂಬರಿನಲ್ಲಿ ಮತ್ತೆ ಕೊಯ್ಯಬೇಕಾಯಿತು. 1687ರ ಜನವರಿಯ ಹೊತ್ತಿಗೆ ಗಾಯ ಮಾಯಿತು. ಅರಸ ಮುಂದೆ 1715ರವರೆಗೆ ಬದುಕಿದ. ರೋಗವಿಲ್ಲದ ಆಸ್ಥಾನಿಕರೂ ತಮಗೆ ಅದೇ ಶಸ್ತ್ರಚಿಕಿತ್ಸೆ ಬೇಕೆಂದು ಕೇಳತೊಡಗಿದರಂತೆ.

ಅರಸ ಗುಣವಾದುದಕ್ಕೆ ಪ್ಯಾರಿಸ್ಸಿನಲ್ಲಿ ಸ್ತೋತ್ರಗಾನಗಳು ನಡೆದವು. ಅಂಥ ಒಂದು ಗಾನವನ್ನು ಆಸ್ಥಾನದ ಸಂಗೀತಗಾರ ಲುಲ್ಲಿ ನಡೆಸಿಕೊಡುತ್ತಿದ್ದಾಗ, ತಾಳಕ್ಕಾಗಿ ನೆಲಕ್ಕೆ ಕುಟ್ಟುತ್ತಿದ್ದ ಕೋಲು ಅವನ ಕಾಲ್ಬೆರಳಿಗೇ ಬಡಿಯಿತು. ಆ ಗಾಯ ಮಾಯಲಿಲ್ಲ. ಕೊಳೆತು ಏರಿ, 1687ರ ಮಾರ್ಚ್ 22ರಂದು ಅವನ ಪ್ರಾಣ ತೆಗೆದುಕೊಂಡಿತು. ಅರಸನ ಗಾಯಕ್ಕಾಗಿ ಹಾಡಿದವನು ತನ್ನ ಗಾಯದಿಂದ ಸತ್ತ. ಫೆಲಿಕ್ಸನ ಅಭ್ಯಾಸಕ್ಕೆ ಒಡಲೊಡ್ಡಿದ ಬಡವರಿಗಾಗಿ ಯಾರೂ ಹಾಡಲಿಲ್ಲ.

ಬಡವರ ಹೆಸರಿನಲ್ಲೇ ಭಗಂದರಕ್ಕೆ ಒಂದು ಆಸ್ಪತ್ರೆ ತೆರೆದದ್ದು ಲಂಡನ್ನಿನಲ್ಲಿ, 1835ರಲ್ಲಿ. ಫ್ರೆಡರಿಕ್ ಸಾಲ್ಮನ್ ಏಳು ಹಾಸಿಗೆಗಳಿಂದ ಆರಂಭಿಸಿದ ಆ ಮನೆ ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು. 1841ರ ಅಕ್ಟೋಬರಿನಲ್ಲಿ ಸಾಲ್ಮನ್ನನ ಕತ್ತಿಗೆ ಒಡ್ಡಿಕೊಂಡವರಲ್ಲಿ ಚಾರ್ಲ್ಸ್ ಡಿಕನ್ಸ್ ಒಬ್ಬ. ಈಥರ್ ಬರುವುದಕ್ಕೆ ಇನ್ನೂ ಐದು ವರ್ಷಗಳಿದ್ದವು. 1842ರ ಜನವರಿಯಲ್ಲಿ ಡಿಕನ್ಸ್ ಅಮೆರಿಕಕ್ಕೆ ಹಡಗು ಹತ್ತಿದ.

ಲೂಯಿ, ಡಿಕನ್ಸ್ ಇಬ್ಬರೂ ಕತ್ತಿಯಿಂದ ಗೆದ್ದರು. ಬಹುಪಾಲು ಭಗಂದರಗಳು ಗುದದ ಸಣ್ಣ ಗ್ರಂಥಿಯೊಂದು ಸೋಂಕು ತಗಲಿ ಕೀವುಗಟ್ಟುವುದರಿಂದ ಹುಟ್ಟುವಂಥವು. ಸುರಂಗವನ್ನು ಸರಿಯಾಗಿ ಸೀಳಿ ತೆರೆದರೆ ತಳದಿಂದ ಮಾಂಸ ತುಂಬಿಕೊಂಡು ಮಾಯುತ್ತವೆ. ಆದರೆ ಎಷ್ಟು ಸಲ ಸೀಳಿದರೂ ಮಾಯದ, ಸೀಳಿದಷ್ಟೂ ಹೊಸ ಬಾಯಿ ತೆರೆಯುವ ಕೆಲವು ರೋಗಿಗಳಿದ್ದರು. ಅವರಲ್ಲಿ ಹಲವರ ಒಗಟಿಗೆ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು, ಸಣ್ಣಕರುಳಿನ ತುದಿ ಊದಿ ಹುಣ್ಣಾಗುವ ರೋಗದ ಹದಿನಾಲ್ಕು ಪ್ರಸಂಗಗಳನ್ನು ಪ್ರಕಟಿಸಿದರು. ಅಕ್ಷರಾನುಕ್ರಮದಲ್ಲಿ ಮೊದಲು ನಿಂತ ಕ್ರೋನನ ಹೆಸರೇ ರೋಗಕ್ಕೆ ಉಳಿಯಿತು. ಗುದದ ಸುತ್ತಲಿನ ಭಗಂದರವೂ ಈ ರೋಗದ ಒಂದು ಮುಖವೆಂದು 1938ರಲ್ಲಿ ಪೆನರ್ ಮತ್ತು ಕ್ರೋನ್ ತೋರಿಸಿದರು. ಅಮೆರಿಕದ ಮಿನೆಸೋಟದ ಒಂದು ಕೌಂಟಿಯ ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ಪ್ರಕಾರ, ಕ್ರೋನ್ಸ್ ಕಾಯಿಲೆ ಪತ್ತೆಯಾಗಿ ಇಪ್ಪತ್ತು ವರ್ಷಗಳೊಳಗೆ ಸುಮಾರು ಕಾಲುಭಾಗ ಜನರಿಗೆ ಗುದದ ಬಳಿ ಭಗಂದರವಾಗುತ್ತದೆ.

ಇಲ್ಲಿ ಕತ್ತಿಯ ಆತ್ಮವಿಶ್ವಾಸ ಕುಂದಿತು. ಕರುಳಿನ ಉರಿ ಆರದಿರುವಾಗ ಕೊಯ್ದ ಗಾಯವೇ ಮಾಯುವುದಿಲ್ಲ. ಮೇಲಿಂದ ಮೇಲೆ ಕೊಯ್ದರೆ ಮಲವನ್ನು ಹಿಡಿದಿಡುವ ಸ್ನಾಯು ಕಡಿದು, ರೋಗಿ ಹಿಡಿತವನ್ನೇ ಕಳೆದುಕೊಳ್ಳಬಹುದು. ಆಗ ವೈದ್ಯರು ಹಿಂತಿರುಗಿದ್ದು ಬಹಳ ಹಳೆಯ ಸಾಧನವೊಂದಕ್ಕೆ, ದಾರಕ್ಕೆ. ಹಿಪೊಕ್ರಾಟಿಸನ ಪರಂಪರೆಯಲ್ಲಿ ಕುದುರೆಕೂದಲಿನೊಡನೆ ಹೊಸೆದ ನಾರಿನ ದಾರವಿತ್ತು. ನಮ್ಮಲ್ಲಿ ಕಳ್ಳಿಯ ಹಾಲು, ಅರಿಶಿನ ಸವರಿದ ಕ್ಷಾರಸೂತ್ರವಿತ್ತು. ಆ ದಾರಗಳು ಮಾಂಸವನ್ನು ನಿಧಾನವಾಗಿ ಕೊಯ್ಯುವಂಥವು. ಕ್ರೋನ್ಸ್ ರೋಗಿಗೆ ಹಾಕುವ ಸೀಟನ್ ಎಂಬ ದಾರ ಸಡಿಲ. ಅದು ಕೊಯ್ಯುವುದಿಲ್ಲ, ಸುರಂಗದ ಬಾಯಿ ಮುಚ್ಚದಂತೆ ತಡೆದು ಕೀವನ್ನು ಹೊರಗೆ ಹರಿಯಬಿಡುತ್ತದೆ. ಒಳಗೆ ಕೊಳೆ ಉಳಿದಿರುವಾಗ ಹೊರಬಾಯಿ ಮುಚ್ಚುವುದೇ ಅಪಾಯವೆಂಬ ತಿಳಿವಳಿಕೆ ಇದರಲ್ಲಿದೆ.

ಕ್ಷಾರಸೂತ್ರದ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ. ಜೆ. ದೇಶಪಾಂಡೆ ಮತ್ತು ಸಂಗಡಿಗರು 1960ರ ದಶಕದಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಅದನ್ನು ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ದಾರದಿಂದ ಗುಣವಾಗಲು ಸುಮಾರು ಎಂಟು ವಾರ ಬೇಕು, ಕತ್ತಿಗೆ ನಾಲ್ಕು ವಾರ ಸಾಕು. ಆದರೆ ಒಂದು ವರ್ಷದ ಕೊನೆಗೆ ಮರುಕಳಿಸಿದ್ದು ದಾರದವರಲ್ಲಿ ಶೇಕಡಾ 4, ಕತ್ತಿಯವರಲ್ಲಿ ಶೇಕಡಾ 11. ಇದು ಸಾಮಾನ್ಯ ಭಗಂದರದ ಲೆಕ್ಕ. ಕ್ರೋನ್ಸ್ ಕಾಯಿಲೆಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ನಾಲ್ಕನೆಯ ವಾರಕ್ಕೆ ನೋಡಿದರೆ ಗೆದ್ದವರು ಒಬ್ಬರು, ವರ್ಷದ ಕೊನೆಗೆ ನೋಡಿದರೆ ಇನ್ನೊಬ್ಬರು ಎಂಬುದು ಗಮನಾರ್ಹ.

1998ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧ ಬಂದಾಗ ಕ್ರೋನ್ಸ್ ರೋಗಿಗಳಿಗೆ ಹೊಸ ಯುಗವೇ ತೆರೆದಂತಾಯಿತು. ದೇಹದ ಉರಿಯೂತವನ್ನು ಹೊತ್ತಿಸುವ ಒಂದು ಪ್ರೋಟೀನನ್ನು ಅದು ತಡೆಹಿಡಿಯುತ್ತದೆ. 94 ರೋಗಿಗಳ ಪರೀಕ್ಷೆಯಲ್ಲಿ, ಕಡಿಮೆ ಪ್ರಮಾಣದ ಔಷಧ ಪಡೆದವರಲ್ಲಿ ಶೇಕಡಾ 55 ಜನರ ಎಲ್ಲ ಭಗಂದರಗಳೂ ಮುಚ್ಚಿದವು. ಬರಿಯ ಹುಸಿಮದ್ದು ಪಡೆದವರಲ್ಲಿ ಶೇಕಡಾ 13 ಮಾತ್ರ. ಆದರೆ ಮುಚ್ಚಿದ್ದೆಂದರೆ ಏನು? ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಕೀವು ಬರಬಾರದು, ಅಷ್ಟೇ. ಆ ಫಲ ಉಳಿದದ್ದು ಸುಮಾರು ಮೂರು ತಿಂಗಳು. ಔಷಧವನ್ನು ಎಂಟು ವಾರಗಳಿಗೊಮ್ಮೆ ಕೊಡುತ್ತಾ ಹೋದ ಮುಂದಿನ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ಮೊದಲು ಫಲ ಕಂಡವರಲ್ಲೂ ವರ್ಷದ ಕೊನೆಗೆ ಪೂರ್ತಿ ಮುಚ್ಚಿದ್ದವರು ಶೇಕಡಾ 36.

ಅಷ್ಟರಲ್ಲಿ ಎಂಆರ್‌ಐ ಯಂತ್ರ ಒಳಗನ್ನು ತೋರಿಸತೊಡಗಿತ್ತು. ಹೊರಬಾಯಿ ಮುಚ್ಚಿ, ಒರೆಸುವ ಬಟ್ಟೆಯನ್ನು ಬಿಟ್ಟು, ಮದುವೆಮನೆಗೆ ಹೋಗಿಬರುವಷ್ಟು ಧೈರ್ಯ ಪಡೆದಿದ್ದವರ ಒಳಗೂ ಸುರಂಗ ಹಾಗೆಯೇ ಇರುವುದು ಚಿತ್ರಗಳಲ್ಲಿ ಕಂಡಿತು. ಸಾಲ್ಮನ್ ಸ್ಥಾಪಿಸಿದ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಸಂಶೋಧಕರೇ 2012ರಲ್ಲಿ ಹೇಳಿದ ಮಾತು: ಒಳಗಿನ ಮಾಯುವಿಕೆ ಹೊರಗಿನದಕ್ಕಿಂತ ಸರಾಸರಿ ಹನ್ನೆರಡು ತಿಂಗಳು ಹಿಂದೆ ಬೀಳುತ್ತದೆ. ಸುಶ್ರುತನ ಸಂವತ್ಸರ ತಟ್ಟನೆ ನೆನಪಾಗುತ್ತದೆ. ಅವನು ಕ್ರೋನ್ಸ್ ಕಾಯಿಲೆಯನ್ನು ಬಲ್ಲನೆಂದು ಎದೆಯುಬ್ಬಿಸುವುದು ಚರಿತ್ರೆಯಲ್ಲ. ಎರಡೂ ಕಡೆಯವರು ರೋಗಿಯನ್ನು ವರ್ಷವಿಡೀ ಕಣ್ಣಿಟ್ಟು ನೋಡಿದ್ದರೆಂಬುದಷ್ಟೇ ನಿಜ.

ಆಮೇಲೂ ಭರವಸೆಗಳು ಬಂದವು, ಹೋದವು. ಕೊಬ್ಬಿನಿಂದ ತೆಗೆದ ಆಕರಕೋಶಗಳನ್ನು ಸುರಂಗದ ಸುತ್ತ ಚುಚ್ಚುವ ಚಿಕಿತ್ಸೆಗೆ 2018ರಲ್ಲಿ ಯುರೋಪು ಒಪ್ಪಿಗೆ ಕೊಟ್ಟಿತು; ಎರಡನೆಯ ದೊಡ್ಡ ಪರೀಕ್ಷೆಯಲ್ಲಿ ಅದು ಗೆಲ್ಲಲಿಲ್ಲ, 2024ರ ಕೊನೆಗೆ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ನಮ್ಮ ದೇಶದಲ್ಲಿ ಕ್ರೋನ್ಸ್ ಕಾಯಿಲೆ ವಿರಳವೆಂಬ ನಂಬಿಕೆ ಬಹುಕಾಲವಿತ್ತು. ಕರುಳಿನ ಕ್ಷಯ ಅದನ್ನೇ ಹೋಲುವುದರಿಂದ ಇಂದಿಗೂ ಒಂದನ್ನು ಇನ್ನೊಂದೆಂದು ತಿಳಿಯುವ ಸಂದರ್ಭಗಳಿವೆ. ಇತ್ತ ಗುದದ ರೋಗವನ್ನು ಹೇಳಿಕೊಳ್ಳಲು ನಾಚುವ ಯುವಕನೋ ಯುವತಿಯೋ ಗೋಡೆಬರಹದ ವಿಳಾಸಕ್ಕೆ ಹೋಗಿ, ಹೊರಬಾಯಿ ಮುಚ್ಚಿಸಿಕೊಂಡು, ಗುಣವಾಯಿತೆಂದು ನಂಬಿ ಬರುತ್ತಾರೆ. ಮರುಕಳಿಸುವ ಭಗಂದರದ ಜೊತೆಗೆ ಭೇದಿ, ಹೊಟ್ಟೆನೋವು, ತೂಕ ಇಳಿಯುವಿಕೆ ಇದ್ದರೆ ನೋಡಬೇಕಾದದ್ದು ಕರುಳನ್ನು. ಇದನ್ನು ಯಾರೂ ಹೇಳದೆ ಹೋಗುವುದರಿಂದ ಕಳೆದುಹೋಗುವುದು ಅವರ ವರ್ಷಗಳು.

ಕನ್ನಡದಲ್ಲಿ ಗಾಯ 'ಮಾಯುತ್ತದೆ', ರೋಗ 'ವಾಸಿಯಾಗುತ್ತದೆ'. 'ಅದಕ್ಕಿಂತ ಇದೇ ವಾಸಿ' ಎನ್ನುವಾಗ ಅದೇ ಮಾತಿಗೆ ಮೇಲು, ಉತ್ತಮ ಎಂಬ ಅರ್ಥ. ಕ್ರೋನ್ಸ್ ರೋಗಿಯ ಭಗಂದರ ಇಂದು ಅನೇಕ ವೇಳೆ ವಾಸಿಯಾಗುವುದು ಈ ಎರಡನೆಯ ಅರ್ಥದಲ್ಲಿ: ನಿನ್ನೆಗಿಂತ ಇಂದು ಮೇಲು. ಔಷಧ ಮುಂದುವರಿಸಿ, ಚಿತ್ರ ತೆಗೆಸಿ, ಕಾದು, ಒಳಗೂ ಮಾದದ್ದನ್ನು ಕಂಡವರೂ ಇದ್ದಾರೆ. ಅವರು ಆ ದಿನವನ್ನು ಕಂಡದ್ದು, ಹೊರಬಾಯಿ ಮುಚ್ಚಿದ ದಿನವೇ ಚಿಕಿತ್ಸೆಯನ್ನು ಬಿಡದೆ ಇದ್ದುದರಿಂದ.