ಮೊದಲು ಪ್ರದೇಶ, ಆಮೇಲೆ ವಿಷಯ: ಅಂತರರಾಷ್ಟ್ರೀಯ ವಾಣಿಜ್ಯ–ಸಂಸ್ಕೃತಿ ಪದವಿಯಲ್ಲಿ ಆಯ್ಕೆಯ ಪ್ರಶ್ನೆ

ವಾಣಿಜ್ಯವನ್ನೂ ಸಂಸ್ಕೃತಿ ಅಧ್ಯಯನವನ್ನೂ ಒಂದೇ ಪದವಿಯಲ್ಲಿ ಕಲಿಸುವ ಕಡೆಗಳಲ್ಲಿ ವಿದ್ಯಾರ್ಥಿಯ ಮುಂದೆ ಎರಡು ಆಯ್ಕೆಗಳು ಬರುತ್ತವೆ. ಯಾವ ಭೂಭಾಗ, ಅಲ್ಲಿನ ಯಾವ ಭಾಷೆ ಎಂಬುದು ಒಂದು. ಮಾರುಕಟ್ಟೆ ನಿರ್ವಹಣೆಯೋ ಹಣಕಾಸೋ ಮಾನವ ಸಂಪನ್ಮೂಲವೋ ಎಂಬುದು ಇನ್ನೊಂದು. ವಿದ್ಯಾರ್ಥಿಗಳೂ ಅವರ ಮನೆಯವರೂ ತಲೆಕೆಡಿಸಿಕೊಳ್ಳುವುದು ಹೆಚ್ಚಾಗಿ ಎರಡನೆಯದಕ್ಕೆ. ಮೊದಲನೆಯದು ಶಾಲೆಯಲ್ಲಿ ಕಲಿತ ಭಾಷೆಯಿಂದಲೋ, ಆ ಹೊತ್ತಿಗೆ ಪತ್ರಿಕೆಗಳು ಹೊಗಳುವ ಮಾರುಕಟ್ಟೆಯಿಂದಲೋ ತಾನಾಗಿ ತೀರ್ಮಾನವಾಗಿಬಿಡುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ಪ್ರಸ್ತುತ ಲೇಖನದ ವಾದ. ಇಂಥ ಪದವಿಯಲ್ಲಿ ನಿಜವಾದ ವಿಶೇಷ ಅಧ್ಯಯನವೆಂದರೆ ಪ್ರದೇಶದ್ದು. ವಾಣಿಜ್ಯದೊಳಗಿನ ವಿಷಯ ಅದನ್ನು ಅನುಸರಿಸಿ ಬರಬೇಕು. ವಾದಕ್ಕೆ ಮುಖ್ಯ ಆಧಾರವಾಗಿ ಜರ್ಮನಿಯ ಪಸ್ಸಾವ್ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ತೆಗೆದುಕೊಂಡಿದ್ದೇನೆ. ಕರ್ನಾಟಕದ ಎರಡು ಕೈಗಾರಿಕಾ ಪ್ರದೇಶಗಳ ಅನುಭವವನ್ನು ಕೊನೆಯ ಭಾಗದಲ್ಲಿ ಪರಿಶೀಲಿಸಿದ್ದೇನೆ.

ಪಸ್ಸಾವ್‌ನ ಮಾದರಿ

ಡ್ಯಾನ್ಯೂಬ್, ಇನ್, ಇಲ್ಟ್ಸ್ ಎಂಬ ಮೂರು ನದಿಗಳು ಕೂಡುವ ಪಸ್ಸಾವ್ ಬವೇರಿಯದ ಅಂಚಿನ ಸಣ್ಣ ಪಟ್ಟಣ. ಆಸ್ಟ್ರಿಯದ ಗಡಿ ಊರಿಗೆ ತಾಗಿಕೊಂಡಿದೆ, ಚೆಕ್ ಗಡಿಯೂ ದೂರವಿಲ್ಲ. 1978ರಲ್ಲಿ ಪಾಠ ಆರಂಭಿಸಿದ ಇಲ್ಲಿನ ವಿಶ್ವವಿದ್ಯಾಲಯ 1989ರಲ್ಲಿ ಭಾಷೆ, ಅರ್ಥಶಾಸ್ತ್ರ ಮತ್ತು ಸಾಂಸ್ಕೃತಿಕ ವಲಯಗಳ ಅಧ್ಯಯನವನ್ನು ಹೆಣೆದ ಒಂದು ಡಿಪ್ಲೊಮಾ ಪದವಿಯನ್ನು ತೆರೆಯಿತು. ಅದನ್ನು ಮುಗಿಸಿದವರಿಗೆ ‘ಕುಲ್ಟೂರ್‌ವಿರ್ಟ್’ ಎಂಬ ಹೊಸ ಬಿರುದು. ಯುರೋಪಿನ ಪದವಿಗಳನ್ನು ಒಂದೇ ಚೌಕಟ್ಟಿಗೆ ತಂದ ಬೊಲೊನ್ಯಾ ಸುಧಾರಣೆಯ ನಂತರ ಅದೇ ಬ್ಯಾಚುಲರ್, ಮಾಸ್ಟರ್ ಎಂಬ ಎರಡು ಹಂತಗಳಾಗಿ ಮುಂದುವರಿದಿದೆ.

ಈ ಪದವಿಯಲ್ಲಿ ವಿದ್ಯಾರ್ಥಿ ಒಂದು ಸಾಂಸ್ಕೃತಿಕ ವಲಯವನ್ನು ಆರಿಸಿಕೊಳ್ಳಬೇಕು: ಆಂಗ್ಲೋ–ಅಮೆರಿಕನ್, ಫ್ರೆಂಚ್ ಭಾಷಿಕ, ಸ್ಪ್ಯಾನಿಷ್–ಪೋರ್ಚುಗೀಸ್ ಭಾಷಿಕ, ಇಟಾಲಿಯನ್, ಮಧ್ಯ–ಪೂರ್ವ ಯುರೋಪ್, ಆಗ್ನೇಯ ಏಷ್ಯಾ. ಆ ವಲಯದ ಇತಿಹಾಸ, ಸಾಹಿತ್ಯ, ಸಮಾಜಗಳ ಪಾಠಗಳ ಜೊತೆಗೆ ಅಲ್ಲಿನ ಭಾಷೆಯೂ ನಡೆಯುತ್ತದೆ. ಅದು ಪ್ರವಾಸಿಗರಿಗೆ ಹೇಳಿಕೊಡುವ ಬಗೆಯ ಭಾಷೆಯಲ್ಲ. ಅರ್ಥಶಾಸ್ತ್ರದ ಮತ್ತು ಸಂಸ್ಕೃತಿ ಅಧ್ಯಯನದ ಪಾರಿಭಾಷಿಕ ಹಂತದವರೆಗೆ ಕಲಿಸುವ, ವಿಷಯಕ್ಕೆ ಹೊಂದಿಸಿದ ಭಾಷಾ ಶಿಕ್ಷಣ ಈ ವಿಶ್ವವಿದ್ಯಾಲಯದ ಹೆಗ್ಗುರುತು. ವ್ಯವಹಾರಾಡಳಿತದ ಪಾಠಗಳು ಇದರ ಪಕ್ಕದಲ್ಲಿ ಸಾಗುತ್ತವೆ. ಈ ರಚನೆಯಲ್ಲಿ ವಲಯದ ಆಯ್ಕೆ ಒಂದು ಐಚ್ಛಿಕ ಪತ್ರಿಕೆಯಷ್ಟು ಹಗುರವಾದದ್ದಲ್ಲ. ಒಮ್ಮೆ ಇಂಡೊನೇಷಿಯನ್ ಎಂದು ಹೊರಟವರು ಎರಡು ವರ್ಷದ ಮೇಲೆ ಪೋಲಿಷ್‌ಗೆ ಬದಲಾಯಿಸುವುದೆಂದರೆ ಹೊಸದಾಗಿ ಪದವಿ ಸೇರಿದ ಹಾಗೆಯೇ. ಮಾರುಕಟ್ಟೆ ನಿರ್ವಹಣೆಯಿಂದ ಹಣಕಾಸಿಗೆ ಹೊರಳಲು ಅಷ್ಟು ಬೆಲೆ ತೆರಬೇಕಿಲ್ಲ.

ಗಂಟೆಗಳ ಲೆಕ್ಕ

ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ನೋಡಬಹುದು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್. ಜರ್ಮನಿಯಲ್ಲಿ ಒಂದು ಕ್ರೆಡಿಟ್ಟಿಗೆ ತರಗತಿ ಮತ್ತು ಸ್ವಂತ ಓದು ಸೇರಿ ಗರಿಷ್ಠ 30 ಗಂಟೆ. ಮೂರು ವರ್ಷದ ಪದವಿಗೆ ಒಟ್ಟು 180 ಕ್ರೆಡಿಟ್, ಅಂದರೆ 5,400 ಗಂಟೆ. ಇದರ ಪಕ್ಕದಲ್ಲಿ ಅಮೆರಿಕದ ವಿದೇಶಾಂಗ ಸೇವಾ ತರಬೇತಿ ಸಂಸ್ಥೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಿದ ದೀರ್ಘ ಅನುಭವದಿಂದ ಕೊಡುವ ಅಂದಾಜನ್ನು ಇಡೋಣ. ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಯಲ್ಲಿ ಬಳಸುವ ಮಟ್ಟಕ್ಕೆ ಏರಲು ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್‌ಗಳಿಗೆ ಸುಮಾರು 600ರಿಂದ 750 ತರಗತಿ ಗಂಟೆ ಬೇಕು, ಇಂಡೊನೇಷಿಯನ್‌ಗೆ 900, ಚೆಕ್, ಪೋಲಿಷ್, ರಷ್ಯನ್, ಥಾಯ್, ವಿಯೆಟ್ನಾಮೀಸ್‌ಗಳಿಗೆ 1,100, ಚೀನೀ, ಜಪಾನೀಗಳಿಗೆ 2,200. ನಮ್ಮ ತಮಿಳು, ತೆಲುಗು ಕೂಡ 1,100 ಗಂಟೆಯ ಗುಂಪಿನಲ್ಲೇ ಇವೆ.

ಎರಡನ್ನೂ ಹೋಲಿಸಿದರೆ, ಚೆಕ್ ಅಥವಾ ಥಾಯ್ ಕಲಿಕೆಯೊಂದೇ ಇಡೀ ಪದವಿಯ ಐದನೆಯ ಒಂದು ಭಾಗವನ್ನು ಕೇಳುತ್ತದೆ; ಚೀನೀ ಭಾಷೆ ಐದರಲ್ಲಿ ಎರಡು ಭಾಗವನ್ನು. ಸಂಸ್ಥೆಯ ಲೆಕ್ಕ ತರಗತಿಯ ಗಂಟೆಗಳದ್ದು ಮಾತ್ರ, ಮನೆಯಲ್ಲಿ ಓದುವ ಹೊತ್ತು ಅದರ ಮೇಲೆ. ಕಲಿಯುವವರ ಮಾತೃಭಾಷೆ ಜರ್ಮನ್ ಆದಾಗ ಸಂಖ್ಯೆ ಕೊಂಚ ಬದಲಾಗಬಹುದು, ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ವೆಚ್ಚ ಲೆಕ್ಕಶಾಸ್ತ್ರದ ಒಂದು ಪತ್ರಿಕೆಗೆ 5 ಕ್ರೆಡಿಟ್, ಎಂದರೆ 150 ಗಂಟೆ ಸಾಕು. ಕೆಲಸಕ್ಕೆ ಸೇರಿದ ಮೇಲೆ ಸಂಜೆಯ ತರಗತಿಯಲ್ಲಿ ಅದನ್ನು ಕಲಿತವರು ಎಲ್ಲ ಕಂಪನಿಗಳಲ್ಲೂ ಇದ್ದಾರೆ. ಮೂವತ್ತು ದಾಟಿ, ಪೂರ್ಣಾವಧಿ ಕೆಲಸದ ನಡುವೆ 1,100 ಗಂಟೆ ಹೊಂದಿಸಿ ವಿಯೆಟ್ನಾಮೀಸ್ ಕಲಿಯುವವರು ವಿರಳ. ಆಮೇಲೆ ದಕ್ಕದ್ದನ್ನು ಮೊದಲು ಕಲಿಯಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಕಾರಣ ಬೇಕಿಲ್ಲ.

ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಜೊತೆಗೆ ನಡೆಯುವ, 1983ರಲ್ಲಿ ಸ್ಥಾಪನೆಯಾದ ಲಾಡರ್ ಸಂಸ್ಥೆ ಇದೇ ಸತ್ಯವನ್ನು ಬೇರೊಂದು ದಿಕ್ಕಿನಿಂದ ಒಪ್ಪಿಕೊಂಡಿದೆ. ಎಂಬಿಎ ಮತ್ತು ಅಂತರರಾಷ್ಟ್ರೀಯ ಅಧ್ಯಯನದ ಎಂಎಗಳನ್ನು ಎರಡು ವರ್ಷಗಳಲ್ಲಿ ಒಟ್ಟಿಗೆ ಕೊಡುವ ಅಲ್ಲಿ, ಪ್ರಾದೇಶಿಕ ವಿಭಾಗಗಳಿಗೆ ಸೇರುವವರಿಗೆ ಆಯಾ ಭಾಷೆಯಲ್ಲಿ ಮೊದಲೇ ಒಳ್ಳೆಯ ಹಿಡಿತ ಇರಬೇಕು. ಎಂಬಿಎ ಜೊತೆಯಲ್ಲಿ ಭಾಷೆಯನ್ನು ಬುಡದಿಂದ ಕಟ್ಟಿಕೊಡಲು ಸಮಯವಿಲ್ಲ ಎಂಬುದು ಆ ನಿಯಮದ ಹಿಂದಿನ ತಿಳಿವಳಿಕೆ.

ಮುನ್ಸೂಚನೆಯ ಮೇಲೆ ನಿಂತ ಆಯ್ಕೆ

ಪ್ರದೇಶವನ್ನು ಮೊದಲು ಆರಿಸಬೇಕೆಂದ ಕೂಡಲೇ ಎದುರಾಗುವ ಪ್ರಶ್ನೆ: ಯಾವ ಪ್ರದೇಶ? ಬೆಳೆಯುವ ಮಾರುಕಟ್ಟೆಯನ್ನು ಆರಿಸಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರಕ್ಕೆ ಇತಿಹಾಸದ ಬೆಂಬಲವಿಲ್ಲ.

ಪಸ್ಸಾವ್ ಪದವಿ ಶುರುವಾದ ವರ್ಷವೇ, 1989ರ ನವೆಂಬರ್ 9ರಂದು, ಬರ್ಲಿನ್ ಗೋಡೆ ತೆರೆಯಿತು. ಆ ವರ್ಷದ ಬೇಸಗೆಯಲ್ಲಿ ಚೆಕ್ ಕಲಿಯಲು ಹೊರಟ ಜರ್ಮನ್ ವಿದ್ಯಾರ್ಥಿಗೆ ವಾಣಿಜ್ಯದ ದೃಷ್ಟಿಯಿಂದ ಯಾರೂ ಭರವಸೆ ಕೊಡುತ್ತಿರಲಿಲ್ಲ. 1991ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಸ್ಕೋಡಾದಲ್ಲಿ ಪಾಲು ತೆಗೆದುಕೊಂಡಾಗ ಜರ್ಮನ್ ಮತ್ತು ಚೆಕ್ ಎರಡನ್ನೂ ಬಲ್ಲ ವಾಣಿಜ್ಯ ಪದವೀಧರರ ಅಗತ್ಯ ಒಮ್ಮೆಲೇ ಎದ್ದಿತು. ವಿರುದ್ಧ ದಿಕ್ಕಿನ ನಿದರ್ಶನವೂ ಇದೆ. 1980ರ ದಶಕದಲ್ಲಿ ಜಪಾನ್ ಜಗತ್ತನ್ನೇ ಆಳಲಿದೆ ಎಂದು ನಂಬಿ ಜಪಾನೀ ಕಲಿಯಲು ಮುಗಿಬಿದ್ದವರು ಪದವಿ ಪಡೆದು ಹೊರಬರುವ ಹೊತ್ತಿಗೆ ಅಲ್ಲಿನ ಷೇರು ಮತ್ತು ಜಮೀನಿನ ಬೆಲೆಗಳು ಕುಸಿದಿದ್ದವು. ಗೋಲ್ಡ್‌ಮನ್ ಸ್ಯಾಕ್ಸ್‌ನ ಜಿಮ್ ಓ’ನೀಲ್ 2001ರಲ್ಲಿ ಬ್ರೆಜಿಲ್, ರಷ್ಯಾ, ಭಾರತ, ಚೀನಾಗಳನ್ನು ‘ಬ್ರಿಕ್’ ಎಂದು ಒಂದೇ ಹೆಸರಿನಡಿ ತಂದ ಮೇಲೆ ರಷ್ಯನ್ ಭಾಷೆಗೂ ಮಾರುಕಟ್ಟೆಯ ಆಕರ್ಷಣೆ ಬಂತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲಿನ ಪೂರ್ಣಪ್ರಮಾಣದ ಆಕ್ರಮಣ ಶುರುವಾದ ಬಳಿಕ ನೂರಾರು ಪಾಶ್ಚಾತ್ಯ ಕಂಪನಿಗಳು ರಷ್ಯಾದಿಂದ ಹೊರಬಂದವು.

ಆದರೂ ರಷ್ಯನ್ ಕಲಿತವರ ಶ್ರಮ ಪೂರ್ತಿ ವ್ಯರ್ಥವಾಯಿತೆನ್ನಲಾಗದು. ಕಜಕ್‌ಸ್ತಾನ, ಕಿರ್ಗಿಜ್‌ಸ್ತಾನಗಳ ಕಚೇರಿ ವ್ಯವಹಾರದಲ್ಲಿ ಇಂದಿಗೂ ಆ ಭಾಷೆ ಬಳಕೆಯಲ್ಲಿದೆ. ಯಾರು ಆ ಪ್ರದೇಶದ ಇತಿಹಾಸವನ್ನೂ ಓದಿಕೊಂಡಿದ್ದರೋ ಅವರಿಗೆ ಮಾಸ್ಕೋದ ಬಾಗಿಲು ಮುಚ್ಚಿದರೂ ಅಲ್ಮಾಟಿಯಲ್ಲಿ ಕೆಲಸವಿತ್ತು. ಹತ್ತು ವರ್ಷದ ಮುಂದಿನ ವ್ಯಾಪಾರವನ್ನು ಹದಿನೆಂಟರ ವಿದ್ಯಾರ್ಥಿ ಊಹಿಸಲಾರ, ಅವನ ಪ್ರಾಧ್ಯಾಪಕರೂ ಊಹಿಸಲಾರರು. ಒಂದು ಪ್ರದೇಶದ ಬಗ್ಗೆ ತನಗೆ ಹತ್ತು ವರ್ಷ ಉಳಿಯುವ ಕುತೂಹಲವಿದೆಯೇ ಎಂಬುದನ್ನು ಮಾತ್ರ ಅವನು ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬಲ್ಲ. ಸಾವಿರ ಗಂಟೆಯ ಕಲಿಕೆಯನ್ನು ನಡೆಸಿಕೊಂಡು ಹೋಗುವುದು ಅಂಥ ಕುತೂಹಲವೇ.

ಪ್ರದೇಶವೆಂದರೆ ಏನನ್ನು ಓದಬೇಕು

ಗೀರ್ಟ್ ಹಾಫ್‌ಸ್ಟೆಡ್ 1980ರಲ್ಲಿ ಪ್ರಕಟಿಸಿದ ಗ್ರಂಥ ವಾಣಿಜ್ಯ–ಸಂಸ್ಕೃತಿ ಬೋಧನೆಯ ಮೇಲೆ ಆಳವಾದ ಪ್ರಭಾವ ಬೀರಿದೆ. ಐಬಿಎಂ ನೌಕರರಿಂದ ತುಂಬಿಸಿದ 1,16,000ದಷ್ಟು ಪ್ರಶ್ನಾವಳಿಗಳಿಂದ ಅವರು ಅಧಿಕಾರದ ಅಂತರ, ವ್ಯಕ್ತಿವಾದ ಮೊದಲಾದ ಅಳತೆಗೋಲುಗಳನ್ನು ರೂಪಿಸಿ ದೇಶಗಳಿಗೆ ಅಂಕ ಕೊಟ್ಟರು. 1988ರಲ್ಲಿ ಕೋಗಟ್ ಮತ್ತು ಸಿಂಗ್ ಆ ಅಂಕಗಳಿಂದ ಎರಡು ದೇಶಗಳ ನಡುವಿನ ‘ಸಾಂಸ್ಕೃತಿಕ ದೂರ’ವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಸೂತ್ರ ಕೊಟ್ಟರು. ಓಡೆಡ್ ಶೆಂಕರ್ 2001ರಲ್ಲಿ, ಬ್ರೆಂಡನ್ ಮ್ಯಾಕ್‌ಸ್ವೀನಿ 2002ರಲ್ಲಿ ಈ ಮಾರ್ಗದ ದೋಷಗಳನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಆದರೂ ತರಗತಿಗಳಲ್ಲಿ ಅಂಕಪಟ್ಟಿ ಮುಂದುವರಿದಿದೆ, ಪರೀಕ್ಷೆಗೆ ಅನುಕೂಲ. ಭಾಷೆ ಬಾರದವರಿಗೂ ಒಂದು ದೇಶ ಅರ್ಥವಾಯಿತೆಂಬ ಭ್ರಮೆ ಹುಟ್ಟಿಸುವುದೇ ಅದರ ದೊಡ್ಡ ಹಾನಿಯೆಂದು ನನ್ನ ಅಭಿಪ್ರಾಯ.

ಜರ್ಮನಿಯಲ್ಲಿ ಅಮೆರಿಕದ ಚಿಲ್ಲರೆ ವ್ಯಾಪಾರದ ಕಂಪನಿ ವಾಲ್‌ಮಾರ್ಟ್ ಸೋತ ಪ್ರಸಂಗವನ್ನು ಪಠ್ಯಗಳು ಹೇಳುವ ರೀತಿ ಇದಕ್ಕೆ ಉದಾಹರಣೆ. ಕಂಪನಿ 1997ರಲ್ಲಿ ವೆರ್ಟ್‌ಕಾಫ್‌ನ 21 ಮಳಿಗೆಗಳನ್ನೂ ಮರುವರ್ಷ ಇಂಟರ್‌ಸ್ಪಾರ್‌ನ 74 ಮಳಿಗೆಗಳನ್ನೂ ಕೊಂಡಿತು. 2006ರಲ್ಲಿ ಉಳಿದ 85 ಮಳಿಗೆಗಳನ್ನು ಮೆಟ್ರೊ ಸಂಸ್ಥೆಗೆ ಮಾರಿ ಹೊರನಡೆಯಿತು. ಬಾಗಿಲಲ್ಲಿ ನಗುತ್ತ ಸ್ವಾಗತಿಸುವುದು, ಗಿರಾಕಿಯ ಸಾಮಾನನ್ನು ನೌಕರರೇ ಚೀಲಕ್ಕೆ ತುಂಬಿಕೊಡುವುದು ಜರ್ಮನರಿಗೆ ಹಿಡಿಸಲಿಲ್ಲ ಎಂಬಲ್ಲಿಗೆ ಪಾಠ ಸಾಮಾನ್ಯವಾಗಿ ನಿಲ್ಲುತ್ತದೆ. ದಾಖಲೆಗಳನ್ನು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಅಂಗಡಿ ತೆರೆದಿಡುವ ವೇಳೆಯನ್ನು 1956ರ ಕಾಯ್ದೆ ಮಿತಿಗೊಳಿಸಿತ್ತು. ಆಲ್ಡಿ, ಲಿಡ್ಲ್‌ಗಳು ಬೆಲೆಯಲ್ಲಿ ವಾಲ್‌ಮಾರ್ಟ್‌ಗೆ ಜಗ್ಗುವಂಥವಾಗಿರಲಿಲ್ಲ. ಕೊಂಡ ಬೆಲೆಗಿಂತ ಕಡಿಮೆಗೆ ಹಾಲು, ಬೆಣ್ಣೆಯಂಥ ದಿನಸಿ ಮಾರುವುದನ್ನು ನಿಲ್ಲಿಸಬೇಕೆಂದು ಸ್ಪರ್ಧಾ ನಿಯಂತ್ರಣ ಕಚೇರಿ 2000ದಲ್ಲಿ ಮೂರೂ ಕಂಪನಿಗಳಿಗೆ ಆದೇಶಿಸಿತು. ನೌಕರರ ನಡವಳಿಕೆ ಕುರಿತ ಕಂಪನಿಯ ನಿಯಮಾವಳಿಯನ್ನು ನೌಕರರ ಮಂಡಳಿಯ ಒಪ್ಪಿಗೆ ಪಡೆಯದೆ ಜಾರಿಗೆ ತಂದದ್ದು ಸರಿಯಲ್ಲವೆಂದು ವುಪ್ಪರ್‌ಟಾಲ್‌ನ ಕಾರ್ಮಿಕ ನ್ಯಾಯಾಲಯ 2005ರಲ್ಲಿ ತೀರ್ಪು ಕೊಟ್ಟಿತು. ಆ ಮಂಡಳಿಗೆ ಅಂಥ ಹಕ್ಕು ಕೊಟ್ಟಿರುವುದು 1972ರ ಕಾಯ್ದೆ. ಇಷ್ಟರ ಮೇಲೆ, ಅಲ್ಲಿನ ವಹಿವಾಟಿನ ಮೊದಲ ಅಮೆರಿಕನ್ ಮುಖ್ಯಸ್ಥರಿಗೆ ಜರ್ಮನ್ ಬರುತ್ತಿರಲಿಲ್ಲ.

ಹಾಗಾಗಿ ಪ್ರದೇಶವನ್ನು ಆರಿಸಿಕೊಂಡವರು ಅಲ್ಲಿನ ಹಬ್ಬ, ಊಟ, ಶಿಷ್ಟಾಚಾರಗಳ ಜೊತೆಗೆ ಕಾರ್ಮಿಕ ಕಾನೂನನ್ನೂ ಚಿಲ್ಲರೆ ವ್ಯಾಪಾರದ ಇತಿಹಾಸವನ್ನೂ ಒಕ್ಕೂಟಗಳ ರಾಜಕೀಯವನ್ನೂ ಓದಬೇಕು, ಅವನ್ನು ಅಲ್ಲಿನ ಭಾಷೆಯಲ್ಲಿಯೇ ಓದಬಲ್ಲವರಾಗಬೇಕು. ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ನೆ 1977ರಲ್ಲಿ ಮಂಡಿಸಿದ ಉಪ್ಸಾಲಾ ಮಾದರಿ ಕಲಿಸಿಕೊಡಬಹುದಾದ ತಿಳಿವಳಿಕೆಯನ್ನು ಅನುಭವದಿಂದ ಮಾತ್ರ ಬರುವ ತಿಳಿವಳಿಕೆಯಿಂದ ಬೇರ್ಪಡಿಸಿತು. ಹೊರದೇಶದ ವ್ಯಾಪಾರದಲ್ಲಿ ನಿರ್ಣಾಯಕವಾದದ್ದು ಎರಡನೆಯದು ಎಂದಿತು. ವಾಣಿಜ್ಯದ ವಿಷಯಗಳು ಬಹುಪಾಲು ಮೊದಲ ವರ್ಗದವು. ಪ್ರದೇಶದ ಜ್ಞಾನ ಎರಡನೆಯದಕ್ಕೆ ಸೇರುತ್ತದೆ.

ಇಂಗ್ಲಿಷ್ ಸಾಲದೇ ಎಂಬ ಆಕ್ಷೇಪವನ್ನು ಗಂಭೀರವಾಗಿಯೇ ಪರಿಗಣಿಸಬೇಕು. ಜಪಾನಿನ ರಾಕುಟೆನ್ ಕಂಪನಿ 2010ರಲ್ಲಿ ಇಂಗ್ಲಿಷನ್ನು ಕಚೇರಿಯ ಭಾಷೆಯಾಗಿ ಘೋಷಿಸಿ, ಎರಡು ವರ್ಷದಲ್ಲಿ ಎಲ್ಲರೂ ಕಲಿಯಬೇಕೆಂದಿತು. ಹಾರ್ವರ್ಡ್‌ನ ಸೆಡಾಲ್ ನೀಲಿ ಈ ಬದಲಾವಣೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಭಾಷೆ ಬದಲಾದಾಗ ಅನುಭವಿ ನೌಕರರು ಸಭೆಗಳಲ್ಲಿ ಸುಮ್ಮನಾಗುವುದನ್ನೂ ತಮ್ಮ ಸ್ಥಾನ ಕುಗ್ಗಿತೆಂದು ನೋಯುವುದನ್ನೂ ಅವರ ಕೆಲಸ ತೋರಿಸುತ್ತದೆ. ಸಭೆಯ ಭಾಷೆ ಇಂಗ್ಲಿಷ್ ಆದಮೇಲೂ ಸುಮ್ಮನಾದವರ ಮಾತನ್ನು ಕೇಳಿಸಿಕೊಳ್ಳಬಲ್ಲ ಒಬ್ಬರಾದರೂ ಕಂಪನಿಗೆ ಬೇಕು. ಯಂತ್ರಾನುವಾದ ಪತ್ರವನ್ನು ಓದಿಕೊಡುತ್ತದೆ. ಯಾರು ಪತ್ರ ಬರೆಯದೆ ಉಳಿದರು ಎಂಬುದನ್ನು ತಿಳಿಸಿಕೊಡಲು ಅದಕ್ಕೆ ಸಾಧ್ಯವಿಲ್ಲ.

ನರಸಾಪುರ, ಬಿಡದಿ

ಕರ್ನಾಟಕಕ್ಕೆ ಈ ಚರ್ಚೆ ನೇರವಾಗಿ ಸಂಬಂಧಿಸಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆ್ಯಪಲ್‌ಗಾಗಿ ಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ವಿವಾದ ದಾಂಧಲೆಗೆ ತಿರುಗಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಕಂಪನಿ ಆನಂತರ ಒಪ್ಪಿ ಕ್ಷಮೆ ಕೋರಿತು. ಗುತ್ತಿಗೆದಾರರ ಮೂಲಕ ಕೆಲಸಕ್ಕೆ ಬಂದ ಯುವಕ, ಯುವತಿಯರ ದೂರು ತೈವಾನಿನ ಆಡಳಿತದ ಕಿವಿಗೆ ಮುಟ್ಟಬೇಕಾದರೆ ಎಷ್ಟು ಕೈ, ಎಷ್ಟು ಭಾಷೆ ದಾಟಬೇಕಿತ್ತೆಂದು ಯೋಚಿಸಬೇಕು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯೂ 2006ರಲ್ಲಿ, ಮತ್ತೆ 2020ರಲ್ಲಿ ಮುಷ್ಕರ, ಲಾಕೌಟ್‌ಗಳನ್ನು ಕಂಡಿದೆ. ಈ ವಿವಾದಗಳಿಗೆ ಭಾಷೆಯೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಕೂಲಿ, ಕೆಲಸದ ಒತ್ತಡ, ಗುತ್ತಿಗೆ ಪದ್ಧತಿಗಳೇ ಮೂಲ. ಆದರೆ ಇವು ಸ್ಫೋಟವಾಗುವ ಮೊದಲೇ ಕಾಣಬೇಕಾದರೆ ಕಾರ್ಮಿಕರ ಮಾತು ತಿಳಿಯುವ ಆಡಳಿತಗಾರರು ಬೇಕು.

ಹೊರದೇಶದ ವಾಣಿಜ್ಯ ಪದವಿಗಳಲ್ಲಿ ಭಾರತವನ್ನು ಆರಿಸಿಕೊಂಡವರಿಗೆ ಸಾಮಾನ್ಯವಾಗಿ ಸಿಗುವುದು ಹಿಂದಿ. ಲಾಡರ್ ಸಂಸ್ಥೆಯಲ್ಲೂ ಹಿಂದಿ ಇದೆ. ಹೊರದೇಶದ ಬಂಡವಾಳ ನಿಂತಿರುವ ಬಿಡದಿ, ನರಸಾಪುರ, ಶ್ರೀಪೆರಂಬದೂರುಗಳ ಊಟದ ಮನೆಯಲ್ಲಿ ಕೇಳಿಬರುವುದು ಕನ್ನಡ, ತೆಲುಗು, ತಮಿಳು. ಎರಡು ಶತಮಾನಗಳ ಹಿಂದೆ ಈಸ್ಟ್ ಇಂಡಿಯಾ ಕಂಪನಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. 1812ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ತೆರೆದ ಕಾಲೇಜು ಕಂಪನಿಯ ಕಿರಿಯ ಅಧಿಕಾರಿಗಳಿಗೆ ತಮಿಳು, ತೆಲುಗುಗಳೊಂದಿಗೆ ಕನ್ನಡವನ್ನೂ ಕಲಿಸಿತು. ಜಾನ್ ಮೆಕೆರಲ್‌ನ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. ಕಂಪನಿಯವರ ಉದ್ದೇಶ ಆಳುವುದಾಗಿತ್ತು, ಅದನ್ನು ಮಾದರಿಯೆಂದು ಎತ್ತಿಹಿಡಿಯಬೇಕಿಲ್ಲ. ಆದರೆ ಕೆಲಸ ನಡೆಯುವ ಜಾಗದ ಭಾಷೆಯನ್ನೇ ಕಲಿಯಬೇಕೆಂಬ ಅವರ ಎಚ್ಚರ ಇಂದಿನ ಪಠ್ಯಕ್ರಮಗಳಲ್ಲಿ ಕಾಣುತ್ತಿಲ್ಲ.

ಜರ್ಮನಿಯಲ್ಲಿ ಮ್ಯೂನಿಕ್, ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯಗಳ ಭಾರತಶಾಸ್ತ್ರ ವಿಭಾಗಗಳಲ್ಲಿ ಕನ್ನಡ ಕಲಿಸಿದ ಪರಂಪರೆಯಿದೆ. ಆ ತರಗತಿಗಳ ಬಾಗಿಲು ವಾಣಿಜ್ಯ–ಸಂಸ್ಕೃತಿ ಪದವಿಯವರಿಗೆ ಕ್ರೆಡಿಟ್ ಸಹಿತ ತೆರೆದರೆ ದೊಡ್ಡ ಹೊಸ ವೆಚ್ಚವಿಲ್ಲದೆ ಒಂದು ದಕ್ಷಿಣ ಭಾರತ ವಲಯ ಸಿದ್ಧವಾಗಬಹುದು. ನಮ್ಮ ಕಡೆಯ ಅಂತರರಾಷ್ಟ್ರೀಯ ವ್ಯವಹಾರದ ಕೋರ್ಸುಗಳಲ್ಲಿಯೂ ವಿದೇಶಿ ಭಾಷೆಯನ್ನು ಎರಡು ಸೆಮಿಸ್ಟರಿನ ಸರ್ಟಿಫಿಕೇಟಿಗೆ ಸೀಮಿತಗೊಳಿಸದೆ, ಮೊದಲ ಸೆಮಿಸ್ಟರಿನಲ್ಲೇ ಪ್ರದೇಶವನ್ನು ಆರಿಸಿ, ನಾಲ್ಕನೆಯದನ್ನು ಆ ದೇಶದಲ್ಲೋ ಆ ದೇಶದ ಕಂಪನಿಯ ಇಲ್ಲಿನ ಕಾರ್ಖಾನೆಯಲ್ಲೋ ಕಳೆದು, ಐದನೆಯದರಲ್ಲಿ ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲಗಳ ನಡುವೆ ಆರಿಸುವಂತೆ ಪಠ್ಯವನ್ನು ಹೊಂದಿಸಬಹುದು. ಜಪಾನೀ ಕಲಿತ ಕನ್ನಡದ ವಿದ್ಯಾರ್ಥಿನಿ ನಾಲ್ಕನೆಯ ಸೆಮಿಸ್ಟರನ್ನು ಬಿಡದಿಯಲ್ಲಿ ಕಳೆದ ಮೇಲೆ ಆರಿಸಿಕೊಳ್ಳುವ ವಿಷಯ ಮಾನವ ಸಂಪನ್ಮೂಲವೇ ಆಗಬಹುದು, ಬಿಡಿಭಾಗಗಳ ಪೂರೈಕೆಯೂ ಆಗಬಹುದು. ಆ ಹೊತ್ತಿಗೆ ಅವಳ ಮುಂದೆ ತಾನೇ ಕಂಡ ಒಂದು ಕಾರ್ಖಾನೆ, ತಾನೇ ಕೇಳಿಸಿಕೊಂಡ ಎರಡು ಭಾಷೆಗಳ ಜನ ಇರುತ್ತಾರೆ.