‘ಧಾರವಾಡಕ್ಕ ಕಳಸಬೇಕು ಇವನ್ನ’

ಉಗಾರ ಖುರ್ದದಿಂದ ಅಥಣಿತನಕ, ರಾಯಬಾಗದಿಂದ ನಿಪ್ಪಾಣಿತನಕ ಈ ಮಾತು ಕೇಳದವರು ಕಡಿಮೆ. ಹುಡುಗ ಒಬ್ಬನೇ ಕೂತರೆ, ಊಟ ಬಿಟ್ಟರೆ, ಸಣ್ಣದಕ್ಕೂ ಸಿಟ್ಟಿಗೆದ್ದರೆ ಕಟ್ಟೆಯ ಮೇಲಿಂದ ಯಾರಾದರೂ ಇದನ್ನು ಅಂದೇ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ, ಹುಡುಗನೂ ನಗುತ್ತಾನೆ. ಆಮೇಲೆ ಅವನು ಆ ವಿಷಯ ಯಾರ ಮುಂದೆಯೂ ಎತ್ತುವುದಿಲ್ಲ.

ಈ ಚೇಷ್ಟೆಗೆ ಸುಮಾರು 180 ವರ್ಷದ ಹಿನ್ನೆಲೆ ಇದೆ. 1845ರಲ್ಲಿ, ಧಾರವಾಡ ಮುಂಬೈ ಪ್ರಾಂತದಲ್ಲಿದ್ದಾಗ, ಅಲ್ಲಿ ಬ್ರಿಟಿಷರ ‘ಲುನಾಟಿಕ್ ಅಸೈಲಂ’ ಶುರುವಾಯಿತು. ಜನ ಅದನ್ನು ಹುಚ್ಚರ ಆಸ್ಪತ್ರೆ ಅಂದರು. 1912ರ ಕಾಯ್ದೆ ಬಂದಮೇಲೆ ಅಂಥ ಕಡೆ ಸೇರಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರೇ ಹಿಡಿದು ಒಯ್ಯಬಹುದಿತ್ತು. ರೋಗಿಯನ್ನು ಕೋರ್ಟು, ಪೊಲೀಸರ ದಾರಿಯಿಂದ ಆಸ್ಪತ್ರೆಗೆ ಕಳಿಸಿದರೆ ಊರು ಅವನನ್ನು ಅಪರಾಧಿಯ ಹಾಗೆ ನೋಡದೆ ಇನ್ನೇನು ಮಾಡೀತು? ಆ ಕಾಯ್ದೆ ಹೋಗಿ ಹೊಸದು ಬಂದದ್ದು 1987ರಲ್ಲಿ. ಧಾರವಾಡದ ಆ ಹಳೆಯ ಸಂಸ್ಥೆಯೇ ಇವತ್ತಿನ ಡಿಮ್ಹಾನ್ಸ್. ಹೆಸರು ಬದಲಾಯಿತು, ಕಟ್ಟೆಯ ಮೇಲಿನ ಮಾತು ಬದಲಾಗಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಕಟ್ಟಿದ್ದು 1974ರಲ್ಲಿ. ಅಲ್ಲಿಯ ಮನೋವೈದ್ಯ ಆರ್. ಎಲ್. ಕಪೂರ್ ಅದಕ್ಕೂ ಮೊದಲು ಕರಾವಳಿಯ ಕೋಟ ಎಂಬ ಊರಿನಲ್ಲಿ ಮನೆಮನೆಗೆ ಹೋಗಿ ಅಧ್ಯಯನ ಮಾಡಿದವರು. ಅಲ್ಲಿ ಜನ ಮಂತ್ರವಾದಿಯ ಹತ್ತಿರವೂ ಹೋಗುತ್ತಿದ್ದರು, ವೈದ್ಯರ ಹತ್ತಿರವೂ ಹೋಗುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದು ಅನ್ನುವ ಹಟ ಅವರಿಗಿರಲಿಲ್ಲ. ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತು, ಅದೇ ವಾರ ಮಿರಜಿನ ಡಾಕ್ಟರನ್ನೂ ಕಾಣುವ ನಮಗೆ ಇದರಲ್ಲಿ ಹೊಸದೇನಿಲ್ಲ.

1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಗಾಗಿಯೇ ಒಂದು ಘಟಕ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರು, ಇವರಿಗೇ ತರಬೇತಿ ಕೊಟ್ಟರೆ ರೋಗಿ ಅಷ್ಟು ದೂರ ಹೋಗುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕ. 1980ರ ದಶಕದಲ್ಲಿ ಇದನ್ನೇ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕನ್ನಡ ನಾಡಿನ ಒಂದು ಬಿಸಿಲ ಜಿಲ್ಲೆ ದೇಶಕ್ಕೆ ದಾರಿ ತೋರಿಸಿದ ಈ ಕಥೆ ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಿತ್ತು.

ಆದರೂ ಇದೆಲ್ಲ ಕಾಯಿಲೆಯ ಲೆಕ್ಕ. ಪಿಯುಸಿ ಫೇಲಾದವನ, ಮೆಚ್ಚಿದವರು ಕೈಬಿಟ್ಟವರ, ಅಪ್ಪನ ಕಬ್ಬಿನ ಸಾಲ ನೋಡಿ ನಿದ್ದೆ ಹೋದವಳ ಸಂಕಟ ಯಾವ ಕಾಯ್ದೆಯ ಪುಟದಲ್ಲೂ ಇರಲಿಲ್ಲ. ಅದಕ್ಕೆ ಮೊದಲು ಜಾಗ ಕೊಟ್ಟದ್ದು ಕನ್ನಡದ ಪುಸ್ತಕ, ಪತ್ರಿಕೆಗಳು. ‘ಕೊರವಂಜಿ’ ನಗೆಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ, ಅಂದರೆ ರಾಶಿ, ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವವರೇ ಅಳುವಿನ ಬಗ್ಗೆಯೂ ಬರೆದರು ನೋಡಿ. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಸಣ್ಣ ಸಣ್ಣ ಪುಸ್ತಕ, ಅಂಕಣಗಳ ಮೂಲಕ ಪರೀಕ್ಷೆಯ ಭಯ, ಕೀಳರಿಮೆ, ಸಿಟ್ಟು ಇವುಗಳನ್ನು ಮನೆಮಾತಿನ ಕನ್ನಡದಲ್ಲೇ ಬಿಡಿಸಿ ಹೇಳಿದರು. ಭಯ ಬೇರೆ, ಭಯದ ಕಾಯಿಲೆ ಬೇರೆ ಎಂದು ಎಷ್ಟೋ ಮಂದಿಗೆ ಗೊತ್ತಾದದ್ದು ಹೀಗೆ.

ಸರ್ಕಾರ ತಡವಾಗಿ ಬಂತು. ಯುವಜನ ಸೇವಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ‘ಯುವ ಸ್ಪಂದನ’ ಮಾಡಿತು. ಇದರಲ್ಲಿ ಆಯಾ ಜಿಲ್ಲೆಯ ಯುವಕ ಯುವತಿಯರೇ ತರಬೇತಿ ಪಡೆದು ‘ಯುವ ಪರಿವರ್ತಕ’ರಾಗಿ ತಮ್ಮ ವಯಸ್ಸಿನವರ ಮಾತು ಕೇಳುತ್ತಾರೆ. ಸಲಹೆಗೆ ದುಡ್ಡಿಲ್ಲ. ಅದೇ ಊರುಕಡೆಯವರು, ಅದೇ ಭಾಷೆ ಅನ್ನುವುದೇ ಇದರ ಬಲ ಎಂದು ನನಗನಿಸುತ್ತದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೊಂದು ಗಂಟು ಬಿಚ್ಚಿತು. ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡಬಾರದು, ಆರೈಕೆ ಕೊಡಬೇಕು ಎಂದಿತು. ಮೊದಲು ಕೇಸಿನ ಅಂಜಿಕೆಗೆ ಮನೆಯವರು ವಿಷಯ ಮುಚ್ಚಿಡುತ್ತಿದ್ದರು. ಎಷ್ಟೋ ಊರಲ್ಲಿ ಈಗಲೂ ಕಾಯ್ದೆ ಬದಲಾದ ಸುದ್ದಿ ಮುಟ್ಟಿಲ್ಲ. ನೀವಾದರೂ ನಾಲ್ಕು ಮಂದಿಗೆ ಹೇಳಿ.

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆಗೆ ಖರ್ಚಿಲ್ಲ. ಕನ್ನಡದಲ್ಲಿ ಮಾತಾಡಬಹುದು, ಗಡಿಯ ಊರಿನವರು ಮರಾಠಿಯನ್ನೂ ಆರಿಸಿಕೊಳ್ಳಬಹುದು. ಧಾರವಾಡಕ್ಕೆ ಹೋಗಬೇಕಿಲ್ಲ.