ಕಲ್ಯಾಣದ ಜಟ್ಟಿಗಳ ಐದು ಶ್ರಮ

ಮನ್ನಾಏಖೇಳ್ಳಿಯಿಂದ ಹೆದ್ದಾರಿ ಹಿಡಿದು ಹುಮನಾಬಾದ್ ದಾಟಿ ಪಡುವಣಕ್ಕೆ ಹೋದರೆ ಸಿಗುವ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಒಂದು ಮಲ್ಲವಿನೋದ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವ ಬಗೆ, ಅರಸ ಅವರಿಗೆ ಒದಗಿಸಬೇಕಾದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಎಲ್ಲವೂ ಅಲ್ಲಿ ಬರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಅದು ಹೆಸರಿಸುವ ಐದು ಸಾಮು: ತೂಕ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳಿಗೆ ತೋಳು ಕೊಡುವ ಬಾಹುಪೆಲ್ಲಣಕ, ಕಂಬದ ಮೇಲಿನ ಸ್ತಂಭಶ್ರಮ. ಬಲವೆಂಬುದು ಒಂದೇ ಬಗೆಯದಾಗಿದ್ದರೆ ಗುಂಡುಕಲ್ಲೊಂದೇ ಸಾಕಿತ್ತು. ಕಲ್ಯಾಣದ ಗರಡಿ ಹಾಗೆ ಎಣಿಸಲಿಲ್ಲ. ಆ ಎಣಿಕೆ ಸರಿಯಾಗಿತ್ತು ಎಂಬುದಕ್ಕೆ ನಮ್ಮ ಮಾಂಸಖಂಡಗಳ ಒಳನೇಯ್ಗೆಯೇ ಸಾಕ್ಷಿ.

ಮಾಂಸಖಂಡವೆಂದರೆ ಎಳೆಗಳ ಕಂತೆ. ಸೊಂಟದ ಮೂಳೆಯಿಂದ ಮೊಣಕಾಲಿನ ಒಳಬದಿಗೆ ಓರೆಯಾಗಿ ಇಳಿಯುವ ಸಾರ್ಟೋರಿಯಸ್‌ನಲ್ಲಿ ಎಳೆಗಳು ಉದ್ದಕ್ಕೂ ಸಾಲಾಗಿ ಓಡುತ್ತವೆ. ಒಂದೊಂದು ಸುಮಾರು 40 ಸೆಂ.ಮೀ. ಮೀನಖಂಡದ ಒಳಪದರವಾದ ಸೋಲಿಯಸ್‌ನಲ್ಲಿ ಅವು 4 ಸೆಂ.ಮೀ. ಆಸುಪಾಸಿನ ಗಿಡ್ಡ ಎಳೆಗಳು. ಹಕ್ಕಿಯ ಗರಿಯಲ್ಲಿ ಕೂದಲೆಳೆಗಳು ನಡುದಂಡಕ್ಕೆ ಸೇರುವಂತೆ ಓರೆಯಾಗಿ ಸ್ನಾಯುರಜ್ಜುವಿಗೆ ಅಂಟಿವೆ. ಭುಜದ ಮೇಲಿನ ಡೆಲ್ಟಾಯ್ಡ್‌ನ ನಡುಭಾಗದಲ್ಲಿ ಇಂಥ ಗರಿಗಳು ಹಲವು. ಇದರ ಲೆಕ್ಕ ಸರಳ. ಅಷ್ಟೇ ಮಾಂಸದಲ್ಲಿ 20 ಸೆಂ.ಮೀ. ಉದ್ದದ 100 ಎಳೆಗಳನ್ನು ಕಟ್ಟಬಹುದು, ಇಲ್ಲವೆ ಅಷ್ಟೇ ದಪ್ಪದ 5 ಸೆಂ.ಮೀ.ಯ 400 ಎಳೆಗಳನ್ನು. ಎರಡನೆಯದು ಸುಮಾರು ನಾಲ್ಕು ಪಟ್ಟು ಜೋರಾಗಿ ಎಳೆಯುತ್ತದೆ, ಆದರೆ ಕಾಲು ಭಾಗದಷ್ಟು ದೂರ ಮಾತ್ರ. ಎಳೆಗಳು ಓರೆಯಾಗಿರುವುದರಿಂದ ಸ್ವಲ್ಪ ಬಲ ಸೋರುತ್ತದೆ ನಿಜ. 30 ಡಿಗ್ರಿ ಓರೆಗೆ ನಷ್ಟ ನೂರಕ್ಕೆ 13ರಷ್ಟು. ನಾಲ್ಕು ಪಟ್ಟು ಲಾಭದ ಮುಂದೆ ಅದು ದೊಡ್ಡದಲ್ಲ. ಹೀಗಾಗಿ ಎದುರಾಳಿ ಮೈಮೇಲೆ ಬಿದ್ದಾಗ ನೆಲಕ್ಕೆ ಕಚ್ಚಿ ನಿಲ್ಲಿಸುವ ಮಾಂಸಖಂಡ ಒಂದು, ಕಾಲನ್ನು ದೂರ ಬೀಸಿ ಮಡಚುವುದಕ್ಕೆ ಒದಗುವುದು ಇನ್ನೊಂದು.

ಹನ್ನೆರಡನೆಯ ಶತಮಾನದ ಗ್ರಂಥಕ್ಕೆ ಇಂದಿನ ವಿಜ್ಞಾನವನ್ನು ಹೇರುತ್ತಿದ್ದೀರಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೋಮೇಶ್ವರ ಎಳೆಗಳ ಓರೆಯನ್ನು ಬಲ್ಲವನಲ್ಲ. ಅವನಿಗಿಂತ ಬಹಳ ಹಿಂದಿನ ಸುಶ್ರುತ ಸಂಹಿತೆ ಪುರುಷನ ದೇಹದಲ್ಲಿ 500 ಪೇಶಿಗಳನ್ನು ಎಣಿಸಿ ದಪ್ಪ, ತೆಳು, ಉದ್ದ, ಗಿಡ್ಡ ಎಂದು ಗುರುತಿಸಿತ್ತು. ಅದೂ ಹೊರ ಆಕಾರದ ಮಾತೇ. ಎಳೆಗಳ ಜೋಡಣೆಯನ್ನು ರೇಖಾಗಣಿತದಿಂದ ವಿವರಿಸಿದ್ದು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ, 1667ರಲ್ಲಿ. ಆದರೆ ಕಾರಣ ತಿಳಿಯುವ ಮೊದಲೇ ಫಲ ತಿಳಿಯುವುದು ಕಸುಬಿನ ಸ್ವಭಾವ. ಭಾರ ಎತ್ತುವವನಿಗೆ ಕಂಬ ತಾನಾಗಿ ಒಲಿಯುವುದಿಲ್ಲ, ಕಂಬ ಬಲ್ಲವನು ನೀರಿಗಿಳಿದರೆ ಬೇಗ ದಣಿಯುತ್ತಾನೆ ಎಂಬುದು ಸಾಮು ಮಾಡಿಸುವವರ ಕಣ್ಣಿಗೆ ಬೀಳದೆ ಇರಲಾರದು. ನನ್ನ ವಾದ ಅಷ್ಟಕ್ಕೇ ನಿಲ್ಲುತ್ತದೆ: ವಿಂಗಡಣೆ ಅವರದು, ವಿವರಣೆ ನಂತರದವರದು.

ಸಾಮು ಮಾಡಿದರೆ ಯಾವ ಮಾಂಸಖಂಡವೂ ಬಲಿಯುತ್ತದೆ, ಜೋಡಣೆಗೆ ಇಷ್ಟು ಮಹತ್ವವೇಕೆ ಎಂದೂ ಕೇಳಬಹುದು. ದಂಡ, ಬೈಠಕ್‌ಗಳಿಂದ ಎಳೆಗಳು ದಪ್ಪವಾಗುತ್ತವೆ, ಓರೆಯ ಕೋನವೂ ತುಸು ಬದಲಾಗುತ್ತದೆ. ಆದರೆ ಎಷ್ಟು ಬೈಠಕ್ ಹೊಡೆದರೂ ಸೋಲಿಯಸ್ ಸಾರ್ಟೋರಿಯಸ್ ಆಗುವುದಿಲ್ಲ. ಹುಟ್ಟಿನಿಂದ ಬಂದ ನೇಯ್ಗೆಯನ್ನು ಸಾಮು ಗಟ್ಟಿ ಮಾಡುತ್ತದೆ, ಬೇರೆ ಮಾಡುವುದಿಲ್ಲ. ಒಂದೊಂದು ಕೆಲಸ ಒಂದೊಂದು ನೇಯ್ಗೆಯನ್ನು ದುಡಿಸುವುದರಿಂದಲೇ ಐದು ಶ್ರಮಗಳು ಬೇಕಾದವು. ತಾಲೀಮಿನ ಪಾಠವನ್ನು ಹಳೆಯ ಪೈಲ್ವಾನರ ಹೆಮ್ಮೆಯ ಕಥೆಯಾಗಿ ಮಾತ್ರ ಉಳಿಸಿಕೊಂಡರೆ ಸಾಲದು. ಯಾವ ಸಾಮು ಯಾವ ಅಂಗಕ್ಕೆ, ಏಕೆ ಎಂಬ ಅದರ ತಿಳಿವಳಿಕೆ ಬರಹಕ್ಕೆ ಇಳಿಯಬೇಕು. ಆ ಕೆಲಸವನ್ನು ಈ ಸೀಮೆ 900 ವರ್ಷಗಳ ಹಿಂದೆ ಒಮ್ಮೆ ಮಾಡಿ ತೋರಿಸಿದೆ.